ಗುಳೆ ಬಂದವರ ಕೌದಿ: ಹಳೆಯ ಬಟ್ಟೆಗಳಲ್ಲಿ ವಲಸೆಯ ಕತೆ ಹೊಲಿದ ನನ್ನ ಅನುಭವ

ಬೆಂಗಳೂರಿನ ಉತ್ತರದ ಅಂಚಿನಲ್ಲಿ, ಥಣಿಸಂದ್ರದ ಆಚೆಗೆ ಹಬ್ಬಿಕೊಂಡಿರುವ ಖಾಲಿ ನಿವೇಶನಗಳ ನಡುವೆ, ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ಗುಳೆ ಬಂದ ಕುಟುಂಬಗಳು ತಗಡು ಮತ್ತು ನೀಲಿ ತಾಡಪತ್ರಿಯ ಶೆಡ್ಡುಗಳಲ್ಲಿ ವಾಸಿಸುತ್ತವೆ. ಅಲ್ಲಿನ ಹೆಂಗಸರೊಡನೆ ಕೂತು, ಅವರ ಮನೆಯ ಹಳೆಯ ಬಟ್ಟೆಗಳಿಂದಲೇ, ಅವರ ವಲಸೆಯ ಬದುಕನ್ನು ಹೇಳುವ ಕೌದಿಗಳನ್ನು ಹೊಲಿಯುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಇಂಥ ಕೆಲಸಕ್ಕೆ ಕೈಹಾಕಬೇಕೆಂದಿರುವ ಚಿತ್ರಕಲಾವಿದರೂ ರಂಗಕರ್ಮಿಗಳೂ ಶಾಲಾ ಶಿಕ್ಷಕರೂ ಇದನ್ನು ಹೇಗೆ ಆರಂಭಿಸಿದಿರಿ, ಕತೆಗಳನ್ನು ಹೇಗೆ ಹೊರಗೆ ತಂದಿರಿ ಎಂದು ಆಗಾಗ ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ನಾನು ಲಿಂಗಸುಗೂರು ತಾಲ್ಲೂಕಿನವಳು. ನಮ್ಮ ಅವ್ವ ಬೇಸಿಗೆಯಲ್ಲಿ, ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಿ, ಪಡಸಾಲೆಯಲ್ಲಿ ಕೌದಿ ಹರಡಿಕೊಂಡು ಹೊಲಿಯುತ್ತಿದ್ದಳು. ಚಿತ್ರಕಲೆ ಕಲಿಯಲು ನಾನು ಬೆಂಗಳೂರಿಗೆ ಬಂದು ಇಲ್ಲಿಯೇ ಉಳಿದೆ. ನಾನೂ ಊರು ಬಿಟ್ಟವಳೇ ಆದರೂ ಗುಳೆ ಬಂದವರ ಸಾಲಿಗೆ ನಾನು ಸೇರುವುದಿಲ್ಲ ಎಂಬುದನ್ನು ಈ ಕೆಲಸದ ಮೊದಲ ದಿನದಿಂದಲೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನಾನು ಬಂದದ್ದು ಹಾಸ್ಟೆಲ್ ಕೋಣೆಗೆ, ಕೈಯಲ್ಲಿ ಪ್ರವೇಶಪತ್ರ ಹಿಡಿದು. ಅವರು ಬಂದದ್ದು ಮೇಸ್ತ್ರಿಯಿಂದ ಮುಂಗಡ ಪಡೆದು, ಆ ಮುಂಗಡ ತೀರುವವರೆಗೆ ದುಡಿಯುವ ಕರಾರಿನ ಮೇಲೆ. ಒಂದೇ ಕಡೆಯ ಮಾತು, ಒಂದೇ ಕಡೆಯ ರೊಟ್ಟಿ ನಮ್ಮನ್ನು ಹತ್ತಿರ ತರುತ್ತವೆ ಎಂಬುದು ನಿಜ. ಆದರೆ ಈ ಅಂತರವನ್ನು ಮರೆಸುವ ಶಕ್ತಿ ಅವಕ್ಕಿಲ್ಲ.

ಗುಳೆ ಎಂಬುದು ನಮ್ಮ ಭಾಗದಲ್ಲಿ ಋತುಮಾನದ ಹಾಗೆ ಬಂದುಹೋಗುವ ಸಂಗತಿ. ಮುಂಗಾರಿನ ಬೆಳೆ ಮನೆ ಸೇರಿ, ತೊಗರಿ ಕೊಯ್ಲು ಮುಗಿಯುತ್ತಿದ್ದಂತೆ ಊರಿನ ಓಣಿಗಳಲ್ಲಿ ಬೀಗ ಬೀಳತೊಡಗುತ್ತವೆ. ಯುಗಾದಿಗೋ ಊರ ಜಾತ್ರೆಗೋ ಒಮ್ಮೆ ಬಂದು ಹೋಗಿ, ಕಾರ ಹುಣ್ಣಿಮೆಯ ಹೊತ್ತಿಗೆ ಬಿತ್ತನೆಗೆ ಮರಳುವುದು ಹಳೆಯ ಕ್ರಮ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಕಡೆ ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ಭತ್ತ ಬೆಳೆಯುವವರಿದ್ದಾರೆ, ಆದರೆ ನೀರು ತಲುಪದ ಮಡ್ಡಿ ಭೂಮಿಯವರಿಗೂ ಭೂಮಿಯೇ ಇಲ್ಲದವರಿಗೂ ಉಳಿದಿರುವ ದಾರಿ ಯಾದಗಿರಿ ನಿಲ್ದಾಣದಲ್ಲಿ ರೈಲು ಹತ್ತುವುದು ಅಥವಾ ರಾತ್ರಿ ಬಸ್ಸಿಗೆ ಗಂಟು ಏರಿಸುವುದು. ಮಗಳ ಮದುವೆಯ ಸಾಲ, ಕೈಕೊಟ್ಟ ಬೋರ್‌ವೆಲ್, ಆಸ್ಪತ್ರೆಯ ಖರ್ಚು, ಇವುಗಳಲ್ಲಿ ಒಂದಲ್ಲ ಒಂದು ಪ್ರತಿ ಶೆಡ್ಡಿನಲ್ಲಿಯೂ ಇದೆ. ಈಚೆಗೆ ಹಳೆಯ ಕ್ರಮ ಸಡಿಲವಾಗಿ, ವರ್ಷವಿಡೀ ಇಲ್ಲಿಯೇ ಇದ್ದು ಹಬ್ಬಕ್ಕೆ ಮಾತ್ರ ಊರು ಕಾಣುವವರು ಹೆಚ್ಚಾಗಿದ್ದಾರೆ. ಅವರು ರಾಜ್ಯದ ಗಡಿ ದಾಟಿದವರಲ್ಲ, ಭಾಷೆಯ ಗಡಿಯನ್ನೂ ದಾಟಿದವರಲ್ಲ. ಆದರೂ ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಅವರನ್ನು ಯಾವ ರಾಜ್ಯದವರು ಎಂದು ಕೇಳುವವರಿದ್ದಾರೆ.

ಕೌದಿಯನ್ನು ನೋಡದವರಿಗಾಗಿ ಸ್ವಲ್ಪ ಹೇಳಬೇಕು. ಉಟ್ಟು ಸವೆದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತ್ಯಾಪಿಗಳನ್ನು, ಅಂದರೆ ತೇಪೆಗಳನ್ನು, ಜೋಡಿಸಿ, ಇಡೀ ಮೈಯನ್ನು ಒತ್ತೊತ್ತಾದ ಸಾಲು ಹೊಲಿಗೆಯಿಂದ ಹಿಡಿದಿಡುವ ಹಾಸಿಗೆ-ಹೊದಿಕೆ ಅದು. ಉತ್ತರ ಕರ್ನಾಟಕದ ಮನೆಗಳಲ್ಲಿ ಕೂಸಿನ ತೊಟ್ಟಿಲಿಗೂ ಬಾಣಂತಿಯ ಕೋಣೆಗೂ ಬೀಗರ ಹಾಸಿಗೆಗೂ ಅದೇ ಬೇಕು. ಗುಳೇದಗುಡ್ಡದ ಖಣದ (ರವಿಕೆ ಬಟ್ಟೆಯ) ತುಂಡು, ಇಳಕಲ್ ಸೀರೆಯ ಕೆಂಪು ಸೆರಗು ಇದ್ದರೆ ಅವನ್ನು ನಡುಮಧ್ಯಕ್ಕೆ ಇಡುವುದು ನಮ್ಮ ಅವ್ವನ ಪದ್ಧತಿಯಾಗಿತ್ತು. ಗುಳೆ ಹೋಗುವವರ ಗಂಟಿನಲ್ಲಿ ಪಾತ್ರೆ, ಹಿಟ್ಟಿನ ಚೀಲದ ಜೊತೆಗೆ ತಪ್ಪದೆ ಇರುವ ವಸ್ತುವೂ ಕೌದಿಯೇ. ವಲಸೆಯ ಬಗ್ಗೆ ಕಲಾಕೃತಿ ಮಾಡಬೇಕೆಂದು ಹೊರಟ ನಾನು ಕ್ಯಾನ್ವಾಸನ್ನು ಬಿಟ್ಟು ಇದನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಒಂದೇ. ಕುಂಚ ನನ್ನ ಕೈಯಲ್ಲಿದ್ದರೆ ಅವರು ನನ್ನ ಚಿತ್ರದ ವಸ್ತುವಾಗುತ್ತಾರೆ. ಸೂಜಿ ಅವರ ಕೈಯಲ್ಲಿದ್ದರೆ ಆ ವಿದ್ಯೆಯಲ್ಲಿ ಅವರೇ ದೊಡ್ಡವರು, ನಾನು ಪಕ್ಕದಲ್ಲಿ ದಾರ ಪೋಣಿಸಿ ಕೊಡುವವಳು. ವಲಸಿಗರ ಬಗೆಗಿನ ಬಹಳಷ್ಟು ಚಿತ್ರಗಳಲ್ಲಿ, ಛಾಯಾಚಿತ್ರಗಳಲ್ಲಿ ಅವರು ಬರಿಯ ಸಂಕಟದ ಮುಖಗಳಾಗಿ ಕಾಣಿಸುತ್ತಾರೆ, ಅವರಿಗೆ ಏನು ಬರುತ್ತದೆ, ಅವರು ಯಾವುದರಲ್ಲಿ ನಿಪುಣರು ಎಂಬುದು ಕಾಣಿಸುವುದೇ ಇಲ್ಲ. ನನಗೆ ಅದರ ಬಗ್ಗೆ ಬಹಳ ಕಾಲದಿಂದ ಬೇಸರವಿದೆ.

ಶೆಡ್ಡುಗಳ ಒಳಗೆ ಹೋಗುವ ದಾರಿ ಮೇಸ್ತ್ರಿಯ ಮೂಲಕವೇ. ಜಾಗದ ಬಾಡಿಗೆ, ನೀರಿನ ಟ್ಯಾಂಕರ್, ಕೆಲಸದ ಹಂಚಿಕೆ ಎಲ್ಲವೂ ಅವನ ಕೈಯಲ್ಲಿರುವುದರಿಂದ, ಅವನಿಗೆ ತಿಳಿಸದೆ ಹೋದರೆ ನಾಳೆ ಕಷ್ಟ ಆಗುವುದು ನನಗಲ್ಲ, ಆ ಹೆಂಗಸರಿಗೆ. ಅವನಿಗೆ ನಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಎಂಬುದನ್ನು ನೇರವಾಗಿ ಹೇಳಿದೆ. ಕೂಲಿ, ಮುಂಗಡದ ಲೆಕ್ಕ ಕೇಳಲು ಬಂದವಳಲ್ಲ ಎಂದು ಅವನಿಗೆ ಖಾತ್ರಿಯಾಗಲು ಕೆಲವು ವಾರಗಳೇ ಬೇಕಾದವು. ಸಮಯವನ್ನು ಹೆಂಗಸರೇ ಗೊತ್ತುಮಾಡಿದರು. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವುದು, ಸಂತೆ, ಮಕ್ಕಳ ತಲೆಸ್ನಾನ ಇರುತ್ತದೆ, ಮಧ್ಯಾಹ್ನದ ಮೇಲೆ ಎರಡು-ಮೂರು ತಾಸು ಕೂಡಬಹುದು ಎಂದರು. ಆ ಹೊತ್ತಿಗೆ ನಾನು ಗಾರೆ ಕೆಲಸದ ಹೆಣ್ಣಾಳಿನ ಅರ್ಧ ದಿನದ ಕೂಲಿಯಷ್ಟು ಹಣ ಕೊಡುತ್ತಿದ್ದೆ. ಅದು ಅವರ ಏಕೈಕ ಬಿಡುವಿನ ಹೊತ್ತು. ಕತೆ ಹೇಳುವುದೂ ಹೊಲಿಯುವುದೂ ಶ್ರಮವೇ ಆಗಿರುವಾಗ ಅದನ್ನು ಪುಕ್ಕಟೆ ಕೇಳುವ ಹಕ್ಕು ನನಗಿಲ್ಲ. ಹಣ ಕೊಟ್ಟರೆ ಕತೆ ಕೆಡುತ್ತದೆ ಎಂದು ವಾದಿಸುವ ಗೆಳೆಯರಿದ್ದಾರೆ. ಹೊಲಿಗೆ ಬಾರದವರು ಯಾರೂ ಹಣಕ್ಕಾಗಿ ಬಂದು ಕೂಡಲಿಲ್ಲ, ಬಂದವರು ಹೇಳಿದ್ದರಲ್ಲಿ ಕೂಲಿಗಾಗಿ ಹೇಳಿದ ಧ್ವನಿ ನನಗೆ ಕೇಳಿಸಲಿಲ್ಲ ಎಂದಷ್ಟೇ ನಾನು ಅವರಿಗೆ ಹೇಳುವುದು.

ಆರಂಭದಲ್ಲಿ ರೆಕಾರ್ಡರ್, ನೋಟ್‌ಬುಕ್ ಎರಡನ್ನೂ ನಾನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಮೊದಲು ಹೊಲಿಗೆ, ಆಮೇಲೆ ಮಾತು. ಊರು ಯಾಕೆ ಬಿಟ್ಟಿರಿ ಎಂದು ಕೇಳಿದರೆ ಬರುವ ಉತ್ತರ ಒಂದೇ: “ಮಳಿ ಇಲ್ರಿ, ಕೆಲಸ ಇಲ್ರಿ, ಅದಕ್ಕ ಬಂದೀವ್ರಿ.” ಸಮೀಕ್ಷೆಗೆ ಬಂದವರಿಗೆ, ಅಧಿಕಾರಿಗಳಿಗೆ, ಪತ್ರಿಕೆಯವರಿಗೆ ಹೇಳಿ ಹೇಳಿ ಸವೆದ ಉತ್ತರ ಅದು. ಸುಳ್ಳಲ್ಲ, ಆದರೆ ಅದರಲ್ಲಿ ಹೇಳುವಾಕೆ ಇರುವುದಿಲ್ಲ. ಅದರ ಬದಲು ಅವರು ತಂದ ಬಟ್ಟೆಯನ್ನು ಮುಟ್ಟಿ, ಇದು ಯಾರ ಸೀರೆ, ಇದನ್ನು ಯಾವಾಗ ತೆಗೆದುಕೊಂಡದ್ದು ಎಂದು ಕೇಳಿದಾಗ ಮಾತು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. “ಇದು ನಮ್ಮತ್ತೀದ್ರಿ ಅಕ್ಕಾರ. ನಾ ಬೆಂಗಳೂರಿಗಿ ಬರಾಕಿ ಅಂದಾಗ ಆಕಿ ಮಾತಾಡ್ಲಿಲ್ಲ, ಪೆಟಿಗಿ ತೆಗದು ಇದನ್ನ ಕೊಟ್ಲು” ಎಂದು ದೇವದುರ್ಗ ಕಡೆಯ ಒಬ್ಬಾಕೆ ಹೇಳಿದಾಗ, ಆ ಒಂದು ಸೀರೆಯಲ್ಲಿ ಅತ್ತೆ-ಸೊಸೆಯರ ಸಂಬಂಧ, ಮನೆಯಲ್ಲಿ ಉಳಿದ ಮುದುಕಿ, ಅವಳ ಬಳಿ ಬಿಟ್ಟುಬಂದ ಹಿರಿಯ ಮಗ ಎಲ್ಲವೂ ಒಂದೊಂದಾಗಿ ಬಂದವು. ಕೈ ಕೆಲಸದಲ್ಲಿದ್ದು ಕಣ್ಣು ಬಟ್ಟೆಯ ಮೇಲಿರುವಾಗ ಜನ ಎದುರುಬದುರು ಕೂತಾಗ ಹೇಳಲಾಗದ್ದನ್ನು ಹೇಳುತ್ತಾರೆ. ನಡುನಡುವೆ ಮೌನವಾದರೂ ಅದು ಮುಜುಗರ ಎನಿಸುವುದಿಲ್ಲ, ಹೊಲಿಗೆ ಸಾಗುತ್ತಲೇ ಇರುತ್ತದೆ.

ಬಟ್ಟೆಯ ವಿಷಯದಲ್ಲಿಯೇ ಅತಿ ಕಠಿಣವಾದ ಪ್ರಶ್ನೆಯೂ ಎದುರಾಯಿತು. ಶೆಡ್ಡುಗಳ ಸಾಲು ಊರಿನ ಓಣಿಗಳನ್ನೇ ಅನುಸರಿಸುತ್ತದೆ. ಯಾವ ಜಾತಿಯವರು ಯಾವ ಸಾಲು, ಯಾರ ಡ್ರಮ್ಮಿನಿಂದ ಯಾರು ನೀರು ತೆಗೆಯಬಹುದು ಎಂಬುದೆಲ್ಲ ಊರಿನಿಂದಲೇ ಬಂದಿದೆ. ನಗರಕ್ಕೆ ಬಂದ ಮೇಲೆ ಇವೆಲ್ಲ ಕರಗುತ್ತವೆ ಎಂದು ನಂಬುವವರು ಒಂದು ಭಾನುವಾರ ಅಲ್ಲಿ ಬಂದು ಕೂಡಬೇಕು. ಎಲ್ಲರೂ ಸೇರಿ ಒಂದೇ ದೊಡ್ಡ ಕೌದಿ ಹೊಲಿಯುವ ಮಾತು ಬಂದಾಗ ಒಬ್ಬ ಹಿರಿಯಾಕೆ, ಮತ್ತೊಬ್ಬರು ಮೈಮೇಲೆ ಉಟ್ಟ ಬಟ್ಟೆಗೆ ತಾನು ಸೂಜಿ ಹಾಕುವುದಿಲ್ಲ ಎಂದಳು. ಯಾರ ಬಟ್ಟೆ ಎಂದು ಅವಳು ಹೆಸರಿಸಲಿಲ್ಲ, ಆದರೆ ಅಲ್ಲಿದ್ದ ಎಲ್ಲರಿಗೂ ಅದು ತಿಳಿದಿತ್ತು. ಎದುರು ಕೂತಿದ್ದ ಮಾದಿಗರ ಓಣಿಯ ತರುಣಿಯೊಬ್ಬಳು ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿಟ್ಟು ಎದ್ದುಹೋದಳು. ಮುಂದಿನ ವಾರ ನಾನು ಮೊದಲು ಹೋದದ್ದು ಅವಳ ಶೆಡ್ಡಿಗೆ. ಅವಳು ಇಟ್ಟ ಷರತ್ತು ಸ್ಪಷ್ಟವಾಗಿತ್ತು: ತನ್ನ ತುಂಡನ್ನು ತಾನೇ ಹೊಲಿಯುತ್ತಾಳೆ, ಅದು ಕೌದಿಯ ನಡುವೆ ಬರಬೇಕು, ಅಂಚಿಗೆ ಬರಬಾರದು. ಅದರಂತೆ ಪ್ರತಿಯೊಬ್ಬರೂ ತಮ್ಮ ತಮ್ಮ ಚೌಕವನ್ನು ಹೊಲಿದರು, ಚೌಕಗಳನ್ನು ಕೂಡಿಸುವಾಗ ಅವಳದು ನಡುವೆ ಬಂತು. ಆ ಹಿರಿಯಾಕೆ ತನ್ನ ಚೌಕ ಕೊಟ್ಟಳು, ಕೂಡಿಸುವ ದಿನ ಬರಲಿಲ್ಲ. ಕಲೆ ಎಲ್ಲರನ್ನೂ ಒಂದುಗೂಡಿಸಿತು ಎಂದು ಬರೆಯಲು ನನಗೆ ಆಗುವುದಿಲ್ಲ. ಆ ಕೌದಿಯಲ್ಲಿ ಯಾರ ಸ್ಥಾನ ಎಲ್ಲಿ ಎಂಬುದನ್ನು ಆ ತರುಣಿ ತಾನೇ ನಿರ್ಧರಿಸಿದಳು, ಅದು ಆ ಶೆಡ್ಡಿನ ಸಾಲಿನಲ್ಲಿ ಅವಳಿಗೆ ಸಾಧ್ಯವಿರಲಿಲ್ಲ. ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟೇ.

ಚೌಕಗಳಲ್ಲಿ ಏನಿರಬೇಕು ಎಂಬುದನ್ನು ಕಂಡುಕೊಳ್ಳಲು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುವ ಕ್ರಮವನ್ನು ಅನುಸರಿಸಿದೆ. ಕಾಗದ, ಪೆನ್ಸಿಲ್ ಕೊಟ್ಟರೆ ತಮಗೆ ಬರೆಯಲು ಬರುವುದಿಲ್ಲ ಎನ್ನುವವರು ರಂಗೋಲಿ ಕೊಟ್ಟರೆ ಹಿಂಜರಿಯುವುದಿಲ್ಲ, ಬೇಡವಾದದ್ದನ್ನು ಅಂಗೈಯಿಂದ ಅಳಿಸಲೂ ಬರುತ್ತದೆ. ಅವರು ಬಿಡಿಸಿದ ಊರುಗಳಲ್ಲಿ ಅಳತೆಯ ಲೆಕ್ಕವೇ ಬೇರೆ. ಮನೆಯಿಂದ ಬಾವಿಗೆ, ಬಾವಿಯಿಂದ ಹೊಲಕ್ಕೆ ಹೋಗುವ ದಾರಿ ಅಂಗಳದ ಅರ್ಧ ಭಾಗವನ್ನು ತುಂಬುತ್ತಿತ್ತು, ಗೌಡರ ಮನೆ ಮೂಲೆಯಲ್ಲೊಂದು ಚುಕ್ಕೆಯಾಗಿರುತ್ತಿತ್ತು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲುವ, ಅಂದರೆ ಭೂಮಿಗೆ ಎಡೆ ಚೆಲ್ಲುವ, ಹೊಲವನ್ನು ಬಹಳ ಜನ ಬಿಡಿಸಿದರು. ಅದು ಗುಳೆಯ ಕಾಲದಲ್ಲಿಯೇ ಬರುವ ಹಬ್ಬವಾದ್ದರಿಂದ ವರ್ಷಗಟ್ಟಲೆ ಅವರು ಅದನ್ನು ಮಾಡಿಯೇ ಇಲ್ಲ. ಬೆಂಗಳೂರನ್ನು ಬಿಡಿಸಿ ಎಂದಾಗ ಬಂದದ್ದು ಕಟ್ಟಡದ ಗೇಟು, ನೀರಿನ ಟ್ಯಾಂಕರ್, ಒಂದು ಔಷಧಿ ಅಂಗಡಿ, ಬಸ್ ನಿಲ್ದಾಣ. ತಾವೇ ಇಟ್ಟಿಗೆ ಹೊತ್ತು ಕಟ್ಟಿದ ಅಪಾರ್ಟ್‌ಮೆಂಟುಗಳನ್ನು ಒಬ್ಬರೂ ಬಿಡಿಸಲಿಲ್ಲ. ಯಾಕೆಂದು ಕೇಳಿದಾಗ, ಒಳಗೆ ಹೋಗಲು ಬಿಡುವುದಿಲ್ಲವಲ್ಲ, ಮುಗಿದ ಮೇಲೆ ಅದು ಹೇಗಿದೆಯೋ ತಮಗೇನು ಗೊತ್ತು ಎಂದರು.

ಇಲ್ಲಿಯೇ ಹುಟ್ಟಿ ಬೆಳೆದ ಹನ್ನೊಂದು-ಹನ್ನೆರಡರ ಹುಡುಗಿಯೊಬ್ಬಳು ತಾಯಿಯ ಪಕ್ಕ ಕೂತು ತನ್ನದೇ ನಕ್ಷೆ ಬಿಡಿಸಿದಳು. ಅವಳ ನಕ್ಷೆಯಲ್ಲಿ ಶಾಲೆ, ಗೆಳತಿಯ ಶೆಡ್ಡು, ಪಾನಿಪುರಿ ಗಾಡಿ, ಮೆಟ್ರೊ ಕಂಬಗಳ ಸಾಲು ಇದ್ದವು. ತಾಯಿಯ ಊರು ಒಂದೇ ಮನೆಯಾಗಿ, ಅದರ ಮುಂದೆ ಅಜ್ಜಿ ಮತ್ತು ಎಮ್ಮೆ ನಿಂತ ಹಾಗೆ, ಮೂಲೆಯಲ್ಲಿತ್ತು. ನಿಮ್ಮೂರು ಯಾವುದು ಎಂದು ಯಾರೋ ಕೇಳಿದರು. “ಇದೇ ಆಂಟಿ, ಥಣಿಸಂದ್ರ” ಎಂದಳು. ತಾಯಿ ತಟ್ಟನೆ, “ಏ, ನಮ್ಮೂರು ಶಹಾಪುರ ತಾಲ್ಲೂಕು ಅಂತ ಹೇಳ” ಎಂದು ತಿದ್ದಿದಳು. ಹುಡುಗಿ ಒಪ್ಪಲಿಲ್ಲ. ಆ ಚರ್ಚೆ ಅವತ್ತು ಮುಗಿಯದೆ ಮುಂದಿನ ವಾರಕ್ಕೂ ಹೋಯಿತು, ಬೇರೆ ತಾಯಂದಿರೂ ಸೇರಿಕೊಂಡರು. ಮತಪಟ್ಟಿಯಲ್ಲಿ ಹೆಸರು ಊರಲ್ಲಿದೆ, ಹೊಲ ಇದ್ದರೆ ಅದರ ಪಹಣಿ ಊರಲ್ಲಿದೆ, ಸತ್ತರೆ ಮಣ್ಣು ಮಾಡುವುದು ಊರಲ್ಲಿ, ಹಾಗಿರುವಾಗ ಇದು ಹೇಗೆ ನಮ್ಮೂರಾಗುತ್ತದೆ ಎಂಬುದು ತಾಯಂದಿರ ವಾದ. ತನಗೆ ಗೊತ್ತಿರುವವರೆಲ್ಲ ಇಲ್ಲಿದ್ದಾರೆ ಎಂಬುದು ಹುಡುಗಿಯ ವಾದ. ನಿವೇಶನದ ಮಾಲೀಕ ಕಟ್ಟಡ ಎಬ್ಬಿಸಲು ಬಂದ ದಿನ ಶೆಡ್ಡುಗಳು ಇರುವುದಿಲ್ಲ ಎಂಬುದು ಅವಳಿಗೂ ಗೊತ್ತು. ತಾಯಿ-ಮಗಳು ಇಬ್ಬರೂ ಸೇರಿ ಹೊಲಿದ ಚೌಕದಲ್ಲಿ ಕೊನೆಗೆ ಎರಡೂ ಬಂದವು. ಮಗಳು ಮೆಟ್ರೊ ಕಂಬಗಳಿಗೆ ತನ್ನ ಹಳೆಯ ಶಾಲಾ ಸಮವಸ್ತ್ರದ ಬಟ್ಟೆ ಬಳಸಿದಳು. ಸೇರಿದ ನೆಲ ಯಾವುದು ಎಂಬ ಪ್ರಶ್ನೆಯನ್ನು ಒಂದೇ ತಲೆಮಾರಿಗೆ ಕೇಳಿ ಬಿಡುವ ಕಾರ್ಯಾಗಾರಗಳು ಅರ್ಧ ಕತೆಯನ್ನಷ್ಟೇ ಪಡೆಯುತ್ತವೆ ಎಂದು ನನಗೆ ಅನಿಸಿದ್ದು ಆಗ.

ಹೊಲಿಗೆಯ ಕುಶಲತೆಯ ಬಗ್ಗೆ ಈ ಕೆಲಸಕ್ಕೆ ಇಳಿಯುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಈಗ ಎಲ್ಲರೂ ಉಡುವುದು ಸಿಂಥೆಟಿಕ್ ಸೀರೆ. ಅದು ಸೂಜಿಗೆ ಜಾರುತ್ತದೆ, ಪದರಗಳು ಒಂದರ ಮೇಲೊಂದು ನಿಲ್ಲುವುದಿಲ್ಲ, ಹೊಲಿದ ಮೇಲೆ ಬೆವರು ಹೀರುವುದೂ ಇಲ್ಲ. ಹೀಗಾಗಿ ಮೇಲ್ಪದರದ ತ್ಯಾಪಿಗಳಿಗೆ ಮಾತ್ರ ಸಿಂಥೆಟಿಕ್ ಬಳಸಿ, ತಳಕ್ಕೆ ಮತ್ತು ಒಡಲಿಗೆ ಹತ್ತಿಯ ಧೋತರ, ಹಳೆಯ ಲುಂಗಿ, ಹತ್ತಿಯ ಸೀರೆಗಳನ್ನೇ ಹುಡುಕಿ ಹಾಕಿದೆವು. ಎಲ್ಲವನ್ನೂ ಮೊದಲು ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ನೆಲದ ಮೇಲೆ ಎಳೆದು ಹಾಸಿ, ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟು, ಗೇಣು ಗೇಣಿಗೆ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಂಡರೆ ಆಮೇಲೆ ಸುಕ್ಕು ಬೀಳುವುದಿಲ್ಲ. ದಾರಕ್ಕೆ ಮೇಣದ ಬತ್ತಿ ಸವರಿಕೊಂಡರೆ ಅದು ಗಂಟಾಗದೆ ಓಡುತ್ತದೆ. ಹಲವರು ಕೂತು ಹೊಲಿಯುವ ಕೌದಿಯನ್ನು ನಾಲ್ಕೂ ಅಂಚಿನಿಂದ ಏಕಕಾಲಕ್ಕೆ ಶುರುಮಾಡಿ ಒಳಮುಖವಾಗಿ ಸಾಗಬೇಕು, ಇಲ್ಲವಾದರೆ ಒಂದು ಬದಿ ಬಿಗಿಯಾಗಿ ಇನ್ನೊಂದು ಬದಿ ಉಬ್ಬುತ್ತದೆ. ಕೆಲಸದ ಜಾಗದಲ್ಲಿ ತೊಡುವ ಕಿತ್ತಳೆ ಬಣ್ಣದ ಜಾಕೆಟ್ಟಿನ ಹೊಳೆಯುವ ಪಟ್ಟಿಗಳನ್ನು ಒಬ್ಬಾಕೆ ಹೊಲಕ್ಕೆ ಹೋಗುವ ದಾರಿಯಾಗಿ ಬಳಸಿದಳು. ಸಿಮೆಂಟ್ ಚೀಲವನ್ನು ಬಳಸುವ ಆಸೆ ನನಗಿತ್ತು. ಅವರು ಬೇಡವೆಂದರು. ಮಲಗುವ ವಸ್ತುವಿನಲ್ಲಿ ಅದು ಯಾಕೆ, ಮೈ ಕೆರೆಯುತ್ತದೆ ಎಂಬ ಅವರ ಮಾತಿನ ಮುಂದೆ ನನ್ನ ಕಲಾತ್ಮಕ ಕಾರಣಗಳಿಗೆ ತೂಕವಿರಲಿಲ್ಲ. ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಒಂದು ತುಣುಕು ರೊಟ್ಟಿಯನ್ನು ಒಳಗೆ ಇಡಬೇಕು, ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂದು ಹಿರಿಯರು ಹೇಳಿದರು. ಹಾಗೆಯೇ ಮಾಡಿದೆವು.

ಈ ಕೆಲಸದಲ್ಲಿ ನಾನು ಅತ್ಯಂತ ಮುಖ್ಯವೆಂದು ತಿಳಿದಿರುವ ಸಂಗತಿ ಕೌದಿಯ ಒಳಪದರದ್ದು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗ ಕಟ್ಟಡದ ಕೆಲಸ ನಿಂತುಹೋಯಿತು, ಬಸ್ಸು, ರೈಲು ನಿಂತವು. ಮೇ ತಿಂಗಳ ಆರಂಭದಲ್ಲಿ ಸರ್ಕಾರ ಉಚಿತ ಬಸ್ಸುಗಳನ್ನು ಬಿಡುವವರೆಗೆ ಕಾದವರೂ ಇದ್ದರು, ಅದಕ್ಕೆ ಮುಂಚೆಯೇ ನಡೆದು ಹೊರಟವರೂ ಇದ್ದರು. ನಡೆದು ಹೊರಟವಳೊಬ್ಬಳು ನಮ್ಮ ಗುಂಪಿನಲ್ಲಿದ್ದಳು. ಆ ದಾರಿಯಲ್ಲಿ ಆದದ್ದನ್ನು ಅವಳು ಒಮ್ಮೆ ಹೇಳಿದಳು, ಮತ್ತೆ ಹೇಳಲಿಲ್ಲ. ಆ ದಿನಗಳಲ್ಲಿ ಉಟ್ಟಿದ್ದ ಸೀರೆಯನ್ನು ಮಾತ್ರ ಅವಳು ಇಟ್ಟುಕೊಂಡಿದ್ದಳು. ತನ್ನ ಕೌದಿ ಹಾಸುವ ದಿನ ಅದನ್ನು ತಂದು, “ಇದನ್ನ ಒಳಗ ಇಡೂಣ್ರಿ, ಮ್ಯಾಲ ಬ್ಯಾಡ” ಎಂದಳು. ಅದನ್ನು ಎರಡು ಧೋತರಗಳ ನಡುವೆ ಹಾಸಿ ಮೇಲೆ ಹೊಲಿದೆವು. ಪ್ರದರ್ಶನದಲ್ಲಿ ಆ ಕೌದಿಯನ್ನು ನೋಡಿದವರಿಗೆ ಕಾಣುವುದು ಅವಳ ಮನೆಯ ಮುಂದಿನ ಬೇವಿನ ಮರ ಮತ್ತು ಹಸಿರು ಖಣದ ಅಂಚು. ಒಳಗೆ ಏನಿದೆ ಎಂಬ ವಿವರವನ್ನು ಫಲಕದಲ್ಲಿ ಬರೆದಿರಲಿಲ್ಲ. ಹೀಗೆ ಒಳಗೊಂದು ಪದರವಿದೆ, ಯಾರದೆಂದು ಹೇಳದೆ ಅದರ ಬಗ್ಗೆ ಬರೆಯಬಹುದು ಎಂದು ಅವಳು ಒಪ್ಪಿದ ಮೇಲೆಯೇ ಇಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ವಲಸೆಯ ಕತೆ ಕೇಳಲು ಹೋಗುವ ನಾವು ಎಲ್ಲವನ್ನೂ ಹೊರಗೆ ತರುವುದೇ ಒಳ್ಳೆಯದು ಎಂಬ ನಂಬಿಕೆಯಲ್ಲಿ ಹೋಗುತ್ತೇವೆ. ಹೇಳಿದ್ದರಲ್ಲಿ ಎಷ್ಟನ್ನು ತೋರಿಸಬೇಕು, ಎಷ್ಟನ್ನು ತನ್ನ ಬಳಿ ಇಟ್ಟುಕೊಳ್ಳಬೇಕು ಎಂಬುದು ಹೇಳಿದವರ ಹಕ್ಕು. ಆಮೇಲಿನ ಪ್ರತಿ ಗುಂಪಿನಲ್ಲಿಯೂ, ಒಳಗೆ ಇಡುವ ಬಟ್ಟೆ ಯಾವುದಾದರೂ ಇದ್ದರೆ ತನ್ನಿ, ಅದು ಏನೆಂದು ನನಗೆ ಹೇಳಬೇಕಾಗಿಲ್ಲ ಎಂದು ಮೊದಲೇ ತಿಳಿಸುತ್ತೇನೆ. ಬಹಳಷ್ಟು ಮಂದಿ ತರುತ್ತಾರೆ.

ಮಾತುಗಳನ್ನು ಬರಹಕ್ಕೆ ಇಳಿಸುವಾಗಲೂ ಇದೇ ಎಚ್ಚರ ಬೇಕಾಯಿತು. ಫೋನಿನಲ್ಲಿ ಧ್ವನಿಮುದ್ರಿಸಿದ್ದನ್ನು ಅವರಿಗೆ ಮತ್ತೆ ಕೇಳಿಸಿ, ಬೇಡವೆಂದ ಭಾಗವನ್ನು ಅವರ ಎದುರಿಗೇ ಅಳಿಸುತ್ತಿದ್ದೆ. ನೆರವಿಗೆ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಅವರ ಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿ ಬರೆದಿದ್ದರು. ಸದುದ್ದೇಶದಿಂದಲೇ ಬರೆದದ್ದು, ಆದರೆ ಅದನ್ನು ಓದಿ ಹೇಳಿದಾಗ ಒಬ್ಬಾಕೆ ಇದು ತನ್ನ ಮಾತಲ್ಲ, ಮೇಡಂ ಅವರ ಮಾತು ಎಂದಳು. ಬೀದರ್, ಕಲಬುರಗಿ, ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಹೈದರಾಬಾದ್ ರಾಜ್ಯದ ಭಾಗವಾಗಿ ಮುಂದುವರಿದು, 1956ರ ನವೆಂಬರ್ 1ರಂದು ಉಳಿದ ಕನ್ನಡ ನಾಡಿನೊಂದಿಗೆ ಸೇರಿತು. ಅಲ್ಲಿನ ಕನ್ನಡದಲ್ಲಿ ಉರ್ದು, ತೆಲುಗು, ಮರಾಠಿ ಬೆರೆತಿರುವುದು ಆ ನೆಲದ ಇತಿಹಾಸ. ಆ ಮಾತಿಗಾಗಿಯೇ ಬೆಂಗಳೂರಿನಲ್ಲಿ ಹೊರಗಿನವರೆನಿಸಿಕೊಂಡವರ ಕತೆಯನ್ನು ಆ ಮಾತನ್ನೇ ಅಳಿಸಿ ಹೇಳುವುದು ಅನ್ಯಾಯವಾಗುತ್ತಿತ್ತು. ಫಲಕಗಳನ್ನೆಲ್ಲ ಅವರು ಆಡಿದಂತೆಯೇ ಮತ್ತೆ ಬರೆಸಿದೆವು.

ಎಲ್ಲರ ವಲಸೆಯೂ ಒಂದೇ ಬಗೆಯದಲ್ಲ ಎಂಬುದನ್ನು ಒಬ್ಬ ಲಂಬಾಣಿ ಹೆಣ್ಣುಮಗಳು ನೆನಪಿಸಿದಳು. ಉಳಿದವರೆಲ್ಲ ಊರು ಬಿಟ್ಟ ದುಃಖ ಹೇಳುತ್ತಿದ್ದಾಗ, ತಮ್ಮ ಹಿರಿಯರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದವರು, ತಾಂಡಾ ಕಟ್ಟಿ ನೆಲೆ ನಿಂತದ್ದೇ ಆಮೇಲೆ, ತಿರುಗಾಟಕ್ಕೆ ತಾವು ಅಳುವುದಿಲ್ಲ ಎಂದಳು. ಅವಳ ಅಳಲು ಬೇರೆ ಇತ್ತು. ಮಗ ಶಾಲೆಯಲ್ಲಿ ಕನ್ನಡ ಕಲಿತ, ಬೀದಿಯಲ್ಲಿ ಹಿಂದಿ ಕಲಿತ, ಲಂಬಾಣಿಯಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರಿಸುತ್ತಾನೆ. ಕೌದಿಯ ಸಾಲು ಹೊಲಿಗೆಯನ್ನು ಅವಳು ಒಪ್ಪದೆ, ತನ್ನ ಚೌಕಕ್ಕೆ ಕನ್ನಡಿ, ಕವಡೆ ಕೂಡಿಸಿ ತಮ್ಮ ಕಸೂತಿಯನ್ನೇ ಹಾಕಿದಳು. ಒಟ್ಟು ಕೌದಿಯಲ್ಲಿ ಅದೊಂದು ಚೌಕ ಬೇರೆಯಾಗಿಯೇ ಉಳಿದಿದೆ, ಅದು ಹಾಗೆಯೇ ಇರಬೇಕೆಂಬುದು ಅವಳ ಇಚ್ಛೆ.

ಬಟ್ಟೆಯಲ್ಲಿ ಇಂಥ ಕತೆ ಹೇಳಿದವರು ಜಗತ್ತಿನಲ್ಲಿ ಬೇರೆಡೆಯೂ ಇದ್ದಾರೆ. ಲಾವೋಸಿನ ಯುದ್ಧದ ನಂತರ ಥಾಯ್ಲೆಂಡಿನ ನಿರಾಶ್ರಿತರ ಶಿಬಿರಗಳಲ್ಲಿದ್ದ ಮೊಂಗ್ ಜನ ತಾವು ನದಿ ದಾಟಿ ಓಡಿಬಂದ ದಾರಿಯನ್ನು ಕಸೂತಿಯಲ್ಲಿ ಹೆಣೆದರು. ಚಿಲಿಯಲ್ಲಿ 1973ರ ಸೇನಾ ದಂಗೆಯ ನಂತರ ಮನೆಯವರನ್ನು ಕಳೆದುಕೊಂಡ ಹೆಂಗಸರು ಗೋಣಿಬಟ್ಟೆಯ ಮೇಲೆ ಬಟ್ಟೆಯ ಚೂರುಗಳನ್ನು ಹೊಲಿದು ತಮ್ಮ ಕತೆಯನ್ನು ಹೊರ ಜಗತ್ತಿಗೆ ತಲುಪಿಸಿದರು. ಅಮೆರಿಕದ ದಕ್ಷಿಣದಿಂದ ಉತ್ತರದ ನಗರಗಳಿಗೆ ಹೋದ ಕಪ್ಪು ಜನರ ಮಹಾವಲಸೆಯನ್ನು ಚಿತ್ರಿಸಿದ ಜೇಕಬ್ ಲಾರೆನ್ಸ್, 1940-41ರಲ್ಲಿ 60 ಪುಟ್ಟ ಫಲಕಗಳಿಗೆ ಮೊದಲು ವಿವರಣೆಯ ಸಾಲುಗಳನ್ನು ಬರೆದುಕೊಂಡು, ಒಂದೊಂದು ಬಣ್ಣವನ್ನು ಎಲ್ಲ ಫಲಕಗಳಿಗೂ ಒಟ್ಟಿಗೆ ಹಚ್ಚುತ್ತ ಹೋದರು. ಬೇರೆಬೇರೆಯವರ ಚೌಕಗಳು ಒಂದೇ ಕೌದಿಯಾಗಿ ಕಾಣಲು ಏನು ಮಾಡಬೇಕೆಂದು ಯೋಚಿಸುವಾಗ ಈ ಕ್ರಮ ನನಗೆ ನೆರವಾಯಿತು. ಎಲ್ಲ ಚೌಕಗಳಲ್ಲಿಯೂ ಒಂದೇ ಕೆಂಪು ದಾರ ಒಮ್ಮೆಯಾದರೂ ಬರಲಿ ಎಂಬ ಒಂದೇ ಸೂಚನೆಯನ್ನು ನಾನು ಕೊಟ್ಟೆ.

ಕೌದಿಗಳನ್ನು ಮೊದಲು ತೋರಿಸಿದ್ದು ಶೆಡ್ಡುಗಳ ನಡುವಿನ ಬಟ್ಟೆ ಒಣಹಾಕುವ ಹಗ್ಗದ ಮೇಲೆ. ಗಂಡಂದಿರು, ಮೇಸ್ತ್ರಿ, ಪಕ್ಕದ ಸಾಲಿನವರು ಬಂದು ನೋಡಿದರು. ಯಾರ ಚೌಕ ಯಾವುದು ಎಂದು ಮಕ್ಕಳೇ ವಿವರಿಸಿದರು. ಅದಾದ ಮೇಲೆ ಜಾತ್ರೆಗೆ ಹೋದವರು ಕೆಲವು ಕೌದಿಗಳನ್ನು ತಮ್ಮೂರಿನ ಗುಡಿಯ ಕಟ್ಟೆಯ ಮೇಲೆ ಹರಡಿದರು. ಬೆಂಗಳೂರಿನ ಸಭಾಂಗಣದಲ್ಲಿ ಪ್ರದರ್ಶನ ನಡೆದದ್ದು ಎಲ್ಲಕ್ಕಿಂತ ಕೊನೆಗೆ, ಅಷ್ಟು ಹೊತ್ತಿಗೆ ಅವರ ಜನರೆಲ್ಲ ನೋಡಿ ಆಗಿತ್ತು. ಈ ಕ್ರಮವನ್ನು ತಲೆಕೆಳಗು ಮಾಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಸಭಾಂಗಣದಲ್ಲಿ ಕೌದಿಗಳನ್ನು ಗೋಡೆಗೆ ತೂಗುಹಾಕದೆ ಕಟ್ಟೆಗಳ ಮೇಲೆ ಹಾಸಿ, ಮುಟ್ಟಿ ನೋಡಲು ಅವಕಾಶ ಕೊಟ್ಟೆವು. ಹೆಸರು ಹಾಕುವುದೋ ಊರು ಮಾತ್ರ ಹಾಕುವುದೋ ಎಂಬುದನ್ನು ಆಯಾ ಹೆಂಗಸರೇ ನಿರ್ಧರಿಸಿದರು, ಮುಖದ ಫೋಟೊ ಎಲ್ಲಿಯೂ ಹಾಕಲಿಲ್ಲ.

ಮಾರಾಟದ ಪ್ರಶ್ನೆ ಬಂದಾಗ ಅವರು ತಮ್ಮೊಳಗೆ ಬಹಳ ಹೊತ್ತು ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ಕತೆ ಇರುವ ಕೌದಿಗಳು ಮಾರಾಟಕ್ಕಿಲ್ಲ, ಅವು ಹೊಲಿದವರ ಮನೆಗೇ ಹೋಗುತ್ತವೆ, ಪ್ರದರ್ಶನಕ್ಕೆ ಬೇಕಾದಾಗ ಬಾಡಿಗೆ ಕೊಟ್ಟು, ಬರೆದುಕೊಟ್ಟು ತರಬೇಕು. ಎಲ್ಲರೂ ಕೂಡಿ ಹೊಲಿದ ದೊಡ್ಡ ಕೌದಿ ನಡುಚೌಕದ ತರುಣಿಯ ಬಳಿ ಇರುತ್ತದೆ. ಕೇಳಿದವರಿಗೆ ಸಾದಾ ಕೌದಿ ಹೊಲಿದುಕೊಡುತ್ತಾರೆ. ಅದರ ಬೆಲೆಯನ್ನು ಹೊಲಿಗೆಗೆ ಹಿಡಿದ ದಿನಗಳ ಕೂಲಿ ಮತ್ತು ಬಟ್ಟೆ-ದಾರದ ಖರ್ಚು ಕೂಡಿಸಿ ಕಟ್ಟುತ್ತಾರೆ. ಹಳೆಯ ಬಟ್ಟೆಗೆ ಇಷ್ಟೊಂದು ಬೆಲೆಯೇ ಎಂದು ಚೌಕಾಸಿ ಮಾಡುವವರಿಗೆ ಲೆಕ್ಕವನ್ನು ಬಿಡಿಸಿ ಹೇಳುವ ಕೆಲಸವನ್ನು ಈಗ ಅವರಲ್ಲಿಯೇ ಇಬ್ಬರು ವಹಿಸಿಕೊಂಡಿದ್ದಾರೆ. ಊರಿಗೆ ಮರಳಿದ್ದ ಒಬ್ಬಾಕೆಗೆ ಕಳೆದ ಬಾರಿ ಫೋನ್ ಮಾಡಿ, ಪ್ರದರ್ಶನಕ್ಕೆ ಅವಳ ಕೌದಿಯನ್ನು ಕಳಿಸಲಾದೀತೇ ಎಂದು ಕೇಳಿದೆ. ಮಗಳ ಬಾಣಂತನ ನಡೆದಿದೆ, ಕೂಸಿಗೆ ಅದನ್ನೇ ಹಾಸಿದ್ದೇವೆ, ಈಗ ಕೊಡಲಾಗದು ಎಂದಳು. ಪ್ರದರ್ಶನವನ್ನು ಉಳಿದ ಕೌದಿಗಳಿಂದಲೇ ನಡೆಸಿದೆವು.